ಆಂಟಿಯ ಅಂಗೈ ಕೇಳಿದ ಗಿಟಾರು

ಮೊನ್ನೆ ಗಿಟಾರಿನ ಪೆಟ್ಟಿಗೆ ತೆರೆದರೆ ಹಳೆಯ ಮರದ ಜೊತೆಗೆ ಸೋಪಿನ ವಾಸನೆ! ಬೇಸಿಗೆಯ ಒಣಹವೆಗೆ ಹಲಗೆ ಬಿರಿಯಬಾರದೆಂದು, ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಡುವುದು ಆಂಟಿ ಕಲಿಸಿದ ಪದ್ಧತಿ. ಎಷ್ಟು ತೊಳೆದರೂ ಆ ಡಬ್ಬಿ ತನ್ನ ವಾಸನೆ ಬಿಟ್ಟಿಲ್ಲ...

ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದಿಂದ ಕೆಲಸಕ್ಕೆಂದು ಬಂದ ನಾನು, ರಿಚರ್ಡ್ಸ್ ಟೌನಿನಲ್ಲಿ ಆಂಟಿಯ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಒಂದು ಕಾಲಕ್ಕೆ ಚರ್ಚಿನಲ್ಲಿ ಗಿಟಾರು ನುಡಿಸುತ್ತಿದ್ದವರು ಅವರು. ಆ ಹೊತ್ತಿಗೆ ಬೆರಳು ಸೆಟೆದಿದ್ದವು, ಕಿವಿಯಂತೂ ಹೆಚ್ಚುಕಡಿಮೆ ಹೋಗೇಬಿಟ್ಟಿತ್ತು. ಹಾಡು ಕೇಳದೆ ಒಣಗಿಹೋಗಿದ್ದರು ಪಾಪ.

ನಾನು ಶಿವಾಜಿನಗರದಲ್ಲಿ ಕೊಂಡ ಗಿಟಾರನ್ನು ಮೆಟ್ಟಿಲ ಮೇಲೆ ಕೂತು ಟಿಣ್ ಟಿಣ್ ಅನ್ನಿಸುತ್ತಿದ್ದೆ. ನನ್ನ ಸಂಗೀತಕ್ಕೆ ಬೀದಿನಾಯಿಯೂ ಎದ್ದು ಹೋಗುತ್ತಿತ್ತು! ಒಂದು ಭಾನುವಾರ ಆಂಟಿ ಬಂದು ಅದರ ಮೈಮೇಲೆ ಅಂಗೈ ಇಟ್ಟರು. ಮುಖ ಸಪ್ಪಗಾಯಿತು.

"ಪ್ಲೈವುಡ್ ಮ್ಯಾನ್ ಇದು! ಕೈಗೆ ಏನೂ ಬರ್ತಿಲ್ಲ. ಇರು, ಬಂದೆ."

ಹುಡುಗಿಯಾದರೂ ನಾನು ಅವರ ಬಾಯಲ್ಲಿ 'ಮ್ಯಾನ್'. ಒಳಗಿಂದ ತಮ್ಮ ಗಿಟಾರು ತಂದರು. ಅದರ ಮೇಲ್ಹಲಗೆ ಅಪ್ಪಟ ಮರ. ಒಂದೇ ತುಂಡನ್ನು ಪುಸ್ತಕ ಬಿಚ್ಚಿದ ಹಾಗೆ ಎರಡಾಗಿ ಸೀಳಿ, ನಡುವೆ ಜೋಡಿಸಿದ್ದರು. ಪ್ಲೈವುಡ್ಡಿನಲ್ಲಿ ಪದರ ಪದರಕ್ಕೂ ಅಂಟು, ಅಡ್ಡಡ್ಡ ಎಳೆ; ತಂತಿಯ ನಡುಕವನ್ನು ಅಲ್ಲೇ ನುಂಗಿಬಿಡುತ್ತದೆ. ಇದರದ್ದು ಹಾಗಲ್ಲ. ತೆಳ್ಳನೆಯ ಹಲಗೆ, ಅದನ್ನು ಒಳಗಿನಿಂದ ಹಿಡಿದಿದ್ದ ಸಣ್ಣ ಮರದ ಪಟ್ಟಿಗಳು, ಅಷ್ಟೇ. ತಂತಿ ಮೀಟಿದರೆ ಇಡೀ ಹಲಗೆ ಅದುರುತ್ತಿತ್ತು.

ನಾನು ಮೀಟಿದೆ. ಅಂಗೈ ಇಟ್ಟಿದ್ದ ಆಂಟಿ ಕಣ್ಣು ಮುಚ್ಚಿದರು.

"ಕೇಳಸ್ತದೇನ್ರಿ ಆಂಟಿ?" ಎಂದು ತೋಳು ಮುಟ್ಟಿ ಕೂಗಿದೆ.

"ಯಾಕ್ ನಿಲ್ಲಿಸ್ದೆ? ನುಡ್ಸು, ನುಡ್ಸು!" ಕಣ್ಣು ತುಂಬಿತ್ತು ಅವರಿಗೆ.

ಅಂದಿನಿಂದ ಪ್ರತಿ ಸಂಜೆ ಅದೇ ಪಾಠ. ನಾನು ತಪ್ಪಿದರೆ ಅವರ ಅಂಗೈಗೆ ಗೊತ್ತಾಗುತ್ತಿತ್ತು. "ಅಯ್ಯೋ, ಕೊಂದ್ಬಿಟ್ಟೆ!" ಎಂದು ತಲೆಗೊಂದು ಮೊಟಕುತ್ತಿದ್ದರು. ಆ ಮೊಟಕು ತಿಂದಾಗ ಅವ್ವನ ನೆನಪಾಗಿ, ಊರು ಬಿಟ್ಟು ಬಂದ ಸಂಕಟ ಎಷ್ಟೋ ಇಳಿಯುತ್ತಿತ್ತು. ಒಂದೇ ತೊಡಕು. ಕೈ ಇಟ್ಟರೆ ಹಲಗೆಯ ಅದುರು ಕುಗ್ಗಿ ದನಿ ಮಂಕಾಗುತ್ತದೆ. ಅವರಿಗೆ ಕೇಳಬೇಕಾದರೆ ನನಗೆ ಕಡಿಮೆ ಕೇಳಬೇಕು. ಕೇಳಲಿ ಬಿಡು ಅವರಿಗೇ, ಅಂದುಕೊಳ್ಳುತ್ತಿದ್ದೆ.

ಆಂಟಿ ಹಾಸಿಗೆ ಹಿಡಿದಾಗ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು, "ಸುಮ್ನೆ ಇಟ್ರೆ ಮರ ಮೂಕಾಗ್ಬಿಡತ್ತೆ. ದಿನಾ ನುಡಿಸ್ಬೇಕು, ಆಯ್ತಾ?" ಅಂದರು. ಆಯ್ತು ಆಂಟಿ ಅಂದೆ. ಅವರು ಹೋಗಿ ಎಷ್ಟೋ ವರ್ಷಗಳಾದವು...

ಅವರ ಕೈ ತಾಗುತ್ತಿದ್ದಲ್ಲಿ ಮೆರುಗು ಮಾಸಿದೆ. ಮೊನ್ನೆ ಸ್ಪಂಜು ಒದ್ದೆ ಮಾಡಿಟ್ಟು, ತಂತಿ ಬಿಗಿದು ನುಡಿಸಿದೆ. ದಿನಾ ನುಡಿದು ಪಳಗಿದ ಮರ. ಕೋಣೆ ತುಂಬ ದನಿ. ನಿಮ್ಮ ಋಣ ತೀರಿಸುವುದು ಹೇಗೆ ಆಂಟಿ? ಆದರೂ ಇಷ್ಟೊಂದು ದನಿ ನನಗೊಬ್ಬಳಿಗೇ ಬೇಕಿರಲಿಲ್ಲ... ಅರ್ಧ ನಿಮ್ಮ ಅಂಗೈಗೆ ಹೋಗಬೇಕಿತ್ತು.