ಗುರುವಾರದ ರೊಟ್ಟಿ

ಮೊನ್ನೆ ಹುಮನಾಬಾದಿನ ಒಂದು ಮದುವೆ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಅಡುಗೆ ನಡೆದಿತ್ತು. ನಾಯಿಯೊಂದು ಬಾಗಿಲಲ್ಲಿ ನಿಂತು ಒಂದೇ ಸಮ ಬೊಗಳುತ್ತಿತ್ತು. ಅದರ ಕಾಟ ತಡೆಯಲಾರದೆ ಅಡುಗೆಯವಳು ಆಗಷ್ಟೇ ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಗೆ ತುಪ್ಪ ಸವರಿ ಎಸೆದಳು. ನಾಯಿ ಸುಮ್ಮನಾಯಿತು, ಎಲ್ಲರೂ ನಕ್ಕರು. ಬಿಸಿ ರೊಟ್ಟಿಯ ಮೇಲೆ ತುಪ್ಪ ಕರಗುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಉಳಿದವರ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಆಗಿನ ನಮ್ಮ ಬಾಜೂ ಮನೆಯ ಹಿರಿಯಾಕೆ ನೆನಪಾದರು, ಓಣಿಯವರೆಲ್ಲ ಮಾವಶಿ ಎನ್ನುತ್ತಿದ್ದವರು.

ನನ್ನ ತವರು ಈಗಿನ ಬಸವಕಲ್ಯಾಣ. ಆಗ ಅದು ಬರೀ ಕಲ್ಯಾಣಿ, ನಿಜಾಮರ ಕಾಲ. ಮದುವೆಯಾಗಿ ಹುಮನಾಬಾದಿಗೆ ಬಂದ ಮರುವರ್ಷ ಅಪ್ಪ ನಮ್ಮ ಹೊಲದ ನಾಯಿ ಹಾಕಿದ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು ಗಾಡಿಯಲ್ಲಿ ತಂದುಕೊಟ್ಟರು. ಕೆಂಚು ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ಮೋತಿ ಎಂದು ಹೆಸರಿಟ್ಟೆ. ಗಂಡನ ಮನೆಯಲ್ಲಿ ನನ್ನದು ಎನ್ನುವುದು ಅದೊಂದೇ. ನಮ್ಮವರಿಗೆ ನಾಯಿ ಎಂದರೆ ಅಷ್ಟಕ್ಕಷ್ಟೇ. ಮೊದಲ ದಿನವೇ ಹೇಳಿಬಿಟ್ಟರು: “ಯಾರಿಗರ ಕಡೀತಂದ್ರ ಮನ್ಯಾಗ ಇಟ್ಕೊಳ್ಳಂಗಿಲ್ಲ ನೋಡು.”

ಎಲ್ಲ ಮರಿಗಳ ಚಟಗಳೂ ಅದಕ್ಕಿದ್ದವು. ಸೆರಗು ಜಗ್ಗುವುದು, ಮೈಮೇಲೆ ಜಿಗಿಯುವುದು, ಚಪ್ಪಲಿ ಹರಿಯುವುದು, ಬೇಕಾದ್ದು ಸಿಗುವ ತನಕ ಬೊಗಳಿ ಬೊಗಳಿ ತಲೆ ತಿನ್ನುವುದು. ನಮ್ಮ ತವರಿನಲ್ಲಿ ನಾಯಿ ತಿದ್ದುವ ರೀತಿ ಸರಳವಾಗಿತ್ತು. ಬೊಗಳುವಾಗ ತುತ್ತು ಕೊಡಬಾರದು, ಸುಮ್ಮನೆ ಕೂತಾಗ ಕೊಡಬೇಕು. ನಾನೂ ಹಾಗೇ ಮಾಡಿದೆ. ಜಿಗಿದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. “ಕೂಡು” ಎಂದಾಗ ಕುಂಡಿ ಊರಿ ಕೂತರೆ ಮಾತ್ರ ರೊಟ್ಟಿಯನ್ನು ನೆಲದ ಮೇಲಿಡುತ್ತಿದ್ದೆ. ಕೈಯಿಂದ ಎಂದೂ ತಿನ್ನಿಸಲಿಲ್ಲ. ಕೈಯಿಂದ ತಿಂದು ರೂಢಿಯಾದ ನಾಯಿಗೆ ಕೈ ಯಾವುದು, ರೊಟ್ಟಿ ಯಾವುದು ತಿಳಿಯದೆ ಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಮೋತಿ ಬಲು ಜಾಣ. ಮಳೆಗಾಲ ಮುಗಿಯುವ ಹೊತ್ತಿಗೆ ತಿದ್ದಿಕೊಂಡಿತ್ತು.

ತಿದ್ದಿಕೊಂಡದ್ದು ನಮ್ಮ ಅಂಗಳದಲ್ಲಿ ಮಾತ್ರ. ಗಿಡ್ಡ ಗೋಡೆಯ ಆಚೆ ಮಾವಶಿ ಇದ್ದರು. ದತ್ತನ ಭಕ್ತರ ಮನೆತನ, ಪೇಟೆಯಲ್ಲಿ ದೊಡ್ಡ ಅಂಗಡಿ. ಅವರಿಗೆ ನಾಯಿ ಎಂದರೆ ದತ್ತಾತ್ರೇಯನ ಕಾಲ ಬಳಿ ಇರುವ ಜೀವ. ಗುರುವಾರ ಒಲೆಯ ಮೊದಲ ರೊಟ್ಟಿ ನಾಯಿಗೇ ಸಲ್ಲಬೇಕು. ಓಣಿಯಲ್ಲಿ ಬೇರೆಯವರೂ ಹೀಗೆ ಮಾಡುತ್ತಿದ್ದರು; ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು ಕೈಮುಗಿದು ಒಳಗೆ ಹೋಗುತ್ತಿದ್ದರು. ಮಾವಶಿಗೆ ಅಷ್ಟು ಸಾಲುತ್ತಿರಲಿಲ್ಲ. ಮೋತಿ ಬಾಗಿಲಿಗೆ ಬಂದು ಬೊಗಳಬೇಕು, ಬೊಗಳಿದರೆ ದೇವರೇ ಬೇಡಿದ ಹಾಗೆ. ತುಪ್ಪದ ರೊಟ್ಟಿಯನ್ನು ಅವರು ಎತ್ತರಕ್ಕೆ ಹಿಡಿಯಬೇಕು, ಅದು ಜಿಗಿದು ಕೈಯಿಂದ ಕಸಿದುಕೊಳ್ಳಬೇಕು, ಆಗಲೇ ನೈವೇದ್ಯ ಮುಟ್ಟಿದ ಹಾಗೆ. “ತೊಗೊಂಡಾ, ನನ್ನಪ್ಪ ತೊಗೊಂಡಾ” ಎಂದು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟುತ್ತಿದ್ದರು. ಬೆರಳಿಗೆ ಹಲ್ಲು ತಾಗಿದರೆ ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಗುರುವಾರದ್ದು ಬರಬರುತ್ತ ದಿನದ ರೂಢಿಯಾಯಿತು...

ನಾನು ಕಲಿಸಿದ್ದೆಲ್ಲ ಅವರ ಒಂದು ರೊಟ್ಟಿಗೆ ನೀರುಪಾಲು. ತಡೆಯಲಾರದೆ ಹೋಗಿ ಕೇಳಿಕೊಂಡೆ.

“ಮಾವಶಿ, ಕೈಯಾಗಿಂದ ಕೊಡಬ್ಯಾಡ್ರಿ. ನೆಲದ ಮ್ಯಾಲ ಇಡ್ರಿ. ಅದಕ್ಕ ಕಸಗೊಳ್ಳೋ ಚಟ ಬೀಳಾಕತ್ತದ.”

“ದೇವರಿಗಿ ಚಟ ಅಂತೀ ಏನು ತಂಗಿ? ಇದೆಲ್ಲ ನಿನಗ ತಿಳಿಯಂಗಿಲ್ಲ ಬಿಡು.”

ನಮ್ಮವರ ಮುಂದೆ ಹೇಳಿಕೊಂಡರೆ, “ಹಿರೇ ಹೆಣ್ಮಗಳು, ಅವರ ಜೋಡಿ ಯಾಕ ತಂಟೆ?” ಎಂದು ಬಾಯಿ ಮುಚ್ಚಿಸಿದರು. ನಮ್ಮವರ ಅಂಗಡಿ ಮಾವಶಿಯ ಮಗನ ಅಂಗಡಿಗೆ ಹತ್ತಿಕೊಂಡೇ ಇತ್ತು. ಅವರ ಜೊತೆ ಮುಖ ಕೆಡಿಸಿಕೊಳ್ಳುವ ಧೈರ್ಯ ನಮ್ಮವರಿಗೆ ಎಲ್ಲಿಂದ ಬರಬೇಕು? ಕೊನೆಗೆ ಮೋತಿಯನ್ನು ಬೇವಿನ ಮರಕ್ಕೆ ಕಟ್ಟಲು ಶುರು ಮಾಡಿದೆ. ಮಾವಶಿಯ ಒಲೆಯ ಹೊಗೆ ಕಂಡರೆ ಸಾಕು, ಅದು ಹಗ್ಗ ಜಗ್ಗಿ ಜಗ್ಗಿ ಕೂಗುತ್ತಿತ್ತು.

ಅದೂ ಒಂದು ಗುರುವಾರ. ನಾನು ಬಾವಿಯಿಂದ ನೀರು ಹೊತ್ತು ಬರುವಾಗ ಕೂಸೊಂದು ಚೀರುವ ಸದ್ದು ಕೇಳಿತು. ನಮ್ಮ ಮರದ ಬುಡದಲ್ಲಿ ಹಗ್ಗ ಮಾತ್ರ ಬಿದ್ದಿತ್ತು. ಗುರುವಾರ ದತ್ತನ ನಾಯಿಯನ್ನು ಕಟ್ಟಬಾರದೆಂದು ಮಾವಶಿ ತಾವೇ ಬಂದು ಬಿಚ್ಚಿಕೊಂಡು ಹೋಗಿ, ರೊಟ್ಟಿ ತಿನ್ನಿಸಿ, ಪೂಜೆಗೆ ಒಳಗೆ ಹೋಗಿದ್ದರಂತೆ. ಹೊಸ್ತಿಲಲ್ಲಿ ಅವರ ಪುಟ್ಟ ಮೊಮ್ಮಗಳು ತನ್ನ ಪಾಲಿನ ರೊಟ್ಟಿ ಹಿಡಿದು ಕೂತಿತ್ತು. ಅಜ್ಜಿಯ ಆಟ ದಿನಾ ನೋಡಿದ ಕೂಸು; ಎದ್ದು ನಿಂತು ರೊಟ್ಟಿಯನ್ನು ಎತ್ತಿ ಹಿಡಿಯಿತು. ಎದುರು ಮನೆಯವರು ಕಣ್ಣಾರೆ ಕಂಡು ಹೇಳಿದ್ದು ಇದು. ಮೋತಿ ಕಲಿತದ್ದನ್ನೇ ಮಾಡಿತು. ಕೂಸಿನ ಎರಡು ಬೆರಳು ಹರಿದವು.

ಸುದ್ದಿ ಮುಟ್ಟಿದ ಕೂಡಲೇ ಮಾವಶಿಯ ಮಗ ಪೇಟೆಯಿಂದ ಜನ ಕಟ್ಟಿಕೊಂಡು ಬಡಿಗೆ ಹಿಡಿದು ನಮ್ಮ ಅಂಗಳಕ್ಕೇ ನುಗ್ಗಿದ. ಬೆನ್ನ ಹಿಂದೆ ನಮ್ಮವರೂ ಓಡಿ ಬಂದರು. ಮೋತಿ ನನ್ನ ಕಾಲ ಹಿಂದೆ ಅಡಗಿತ್ತು.

“ಸರೀರಿ ವೈನಿ, ಅದಕ್ಕ ಹುಚ್ಚ ಹಿಡದದ,” ಎಂದ ಅವನು.

ಹುಚ್ಚು ಹಿಡಿದಿರಲಿಲ್ಲ, ಚಟ ಹಿಡಿದಿತ್ತು. ಅದನ್ನು ಹಿಡಿಸಿದವರು ಗೋಡೆಯಾಚೆ ನಿಂತು ನೋಡುತ್ತಿದ್ದರು. ನಾನು ಅವರತ್ತ ತಿರುಗಿ ಕೈಮುಗಿದೆ.

“ಮಾವಶಿ, ನೀವೇ ಕಲಿಸೀರಿ, ನೀವೇ ಬಿಚ್ಚೀರಿ. ಮಗನಿಗಿ ಒಂದ ಮಾತರ ಹೇಳ್ರಿ.”

ಅವರು ನನ್ನ ಮುಖ ನೋಡಲಿಲ್ಲ. “ಹುಚ್ಚ ನಾಯಿ ದೇವರದಲ್ಲ,” ಎಂದಷ್ಟೇ ಹೇಳಿ ಒಳಗೆ ನಡೆದರು.

ಹುಚ್ಚಿಲ್ಲವೆಂದು ತೋರಿಸಲು ನನಗೆ ಉಳಿದದ್ದು ಒಂದೇ ದಾರಿ. “ಮೋತಿ, ಕೂಡು,” ಎಂದೆ. ಅಷ್ಟು ಗದ್ದಲದ ನಡುವೆಯೂ ಅದು ನನ್ನ ಮುಖ ನೋಡುತ್ತ ಕೂತಿತು. ನೋಡ್ರಿ, ಹುಚ್ಚು ನಾಯಿ ಹೇಳಿದ ಮಾತು ಕೇಳುತ್ತದೇನ್ರಿ ಎಂದು ನಾನು ಕೂಗುತ್ತಲೇ ಇದ್ದೆ. ನಮ್ಮವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಅದು ಏಳಲಿಲ್ಲ. ಮೊದಲ ಪೆಟ್ಟು ಬಿದ್ದಾಗಲೂ ಕೂತೇ ಇತ್ತು...

ಕೂಸಿಗೆ ಚಿಟಗುಪ್ಪದಿಂದ ನಾಟಿ ಮದ್ದು ತಂದು ಕುಡಿಸಿದರು. ಏನೂ ಆಗಲಿಲ್ಲ, ಗಾಯ ಮಾಯಿತು. ಮುಂದಿನ ಗುರುವಾರ ಮಾವಶಿ ಓಣಿಯ ಇನ್ನೊಂದು ನಾಯಿಗೆ ರೊಟ್ಟಿ ಇಟ್ಟರು. ಈ ಸಲ ಕೈಯಿಂದ ಅಲ್ಲ, ನೆಲದ ಮೇಲೆ. ನಾನು ಬೇಡಿಕೊಂಡ ರೀತಿಯಲ್ಲೇ. ಅದನ್ನು ಕಂಡು ಉರಿದ ನನ್ನ ಹೊಟ್ಟೆ ಇವತ್ತಿಗೂ ತಣ್ಣಗಾಗಿಲ್ಲ. ಅವರು ಕೆಟ್ಟ ಹೆಂಗಸಾಗಿದ್ದರೆ ಅವರನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ನನ್ನ ಮೊದಲ ಹೆರಿಗೆ ಕಷ್ಟವಾದಾಗ ತಲೆಯ ಬಳಿ ಕೂತು ನನ್ನ ಕೈ ಬಿಡದೆ ಹಿಡಿದವರು ಅವರೇ. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ, ಅವರು ಆಯಾಸವೆಂದುಕೊಂಡರು. ಅವರು ತೀರಿಹೋಗುವವರೆಗೂ ನಾವಿಬ್ಬರೂ ಮೋತಿ ಸತ್ತ ದಿನದ ಮಾತು ಎತ್ತಲಿಲ್ಲ.

ಮೊನ್ನೆಯ ಮದುವೆಗೆ ಆ ಮೊಮ್ಮಗಳೂ ಬಂದಿದ್ದಳು. ಅವಳಿಗೂ ಈಗ ಮೊಮ್ಮಕ್ಕಳು. ಹಿತ್ತಲ ನಾಯಿಗೆ ಹೆದರಿದ ಆ ಮಕ್ಕಳಿಗೆ ಬೆರಳಿನ ಕಲೆ ತೋರಿಸಿ ಹೇಳುತ್ತಿದ್ದಳು: “ಅಂಜಬ್ಯಾಡ್ರಿ. ಇದು ದತ್ತನ ನಾಯಿ ಕೊಟ್ಟ ಪ್ರಸಾದ. ಕೊಟ್ಟು ಅದು ತಾನೇ ಎದ್ದು ದೇವರ ಕಡಿ ಹೋಯ್ತಂತ ನಮ್ಮ ಆಯಿ ಹೇಳ್ತಿದ್ಳು.” ಅವಳ ಆಯಿ ಎಂದರೆ ಅಜ್ಜಿ, ನಮ್ಮ ಮಾವಶಿ. ಆಮೇಲೆ ನನ್ನತ್ತ ತಿರುಗಿ, “ಹೌದಲ್ರಿ ಕಾಕೂ? ನೀವು ನೋಡೀರಲ್ಲ?” ಎಂದು ಕೇಳಿದಳು.

“ನೋಡೀನವ್ವ,” ಎಂದೆ. “ಎಲ್ಲೂ ಹೋಗಲಿಲ್ಲ ಅದು. ಕೂತಲ್ಲೇ ಬಡದು ಕೊಂದ್ರು. ನಿಮ್ಮಪ್ಪ, ನಮ್ಮ ಅಂಗಳದಾಗ. ನಿಮ್ಮ ಆಯಿಗಿ ಗೊತ್ತಿತ್ತು.”

ಅವಳ ಮುಖ ಸಣ್ಣದಾಯಿತು. ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು, “ಸತ್ತವರ ಬಗ್ಗೆ ಹಂಗ ಮಾತಾಡಬಾರದ್ರಿ ಕಾಕೂ,” ಎಂದಳು.

ಸತ್ತವರು ಎಂದಾಗ ಅವಳ ಮನಸ್ಸಿನಲ್ಲಿದ್ದದ್ದು ಅಪ್ಪ, ಅಜ್ಜಿ ಇಬ್ಬರೇ. ನನ್ನ ಲೆಕ್ಕದಲ್ಲಿ ಮೋತಿಯೂ ಸತ್ತವರಲ್ಲಿ ಒಂದು. ಅದರ ಪರವಾಗಿ ಮಾತಾಡಲು ನನ್ನ ಹೊರತು ಯಾರೂ ಉಳಿದಿಲ್ಲ, ನನಗೂ ವಯಸ್ಸಾಯಿತು.