ಹಕ್ಕಿ ಕಾಯುವ ಆಟ

ಅರಳಗುಪ್ಪೆಯ ಚಿಕ್ಕಗೌರಮ್ಮನಿಗೆ ಕೊಬ್ಬರಿಯ ವಿಷಯದಲ್ಲಿ ಕಿವಿಯೇ ಕಣ್ಣು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗೆ ಗಡಗಡ ಅಂದರೆ ಸುಲಿಯಬಹುದು, ಇಲ್ಲದಿದ್ದರೆ ಇನ್ನೊಂದು ತಿಂಗಳು ಬಿಡಬೇಕು. ಅವಳ ಮಾತು ತಪ್ಪಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಅವಳಷ್ಟು ಹಟಮಾರಿ ಹೆಂಗಸನ್ನೂ ಯಾರೂ ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮನೆ ಪಾಲಾದಾಗ ಅಟ್ಟದಲ್ಲಿ ಯಾರಿಗೆಷ್ಟು ಜಾಗ ಎಂಬ ಮಾತಿಗೆ ಅವಳಿಗೂ ಓರಗಿತ್ತಿ ಭೂತಮ್ಮನಿಗೂ ಜಗಳ ಹತ್ತಿ, ಇಬ್ಬರೂ ಎಣ್ಣೆ ಸೀಗೆಕಾಯಿ ಆಗಿಹೋದರು. ನಡುವೆ ಗೋಡೆ ಎದ್ದಿತು, ಮಾತು ನಿಂತಿತು.

ಅಷ್ಟರ ಮೇಲೂ ಅವರನ್ನು ಒಂದೆಡೆ ಕೂರಿಸುತ್ತಿದ್ದದ್ದು ಒಂದು ವಿಡಿಯೋ ಗೇಮ್. ಚಿಕ್ಕಗೌರಮ್ಮನ ಮಗ ರಂಗನಾಥ ಟಿವಿಗೆ ಸಿಕ್ಕಿಸಿ ಆಡಲು ತಂದಿದ್ದ, ಮದುವೆಯಾದ ಮೇಲೆ ಮರೆತ. ಅದರ ಹಳದಿ ಕ್ಯಾಸೆಟ್ಟಿನಲ್ಲಿದ್ದದ್ದು ಒಂದೇ ಆಟ. ಇಟ್ಟಿಗೆ ಗೋಡೆಯೊಳಗೊಂದು ಹಕ್ಕಿ, ಅದನ್ನು ಶತ್ರುಗಳಿಂದ ಕಾಯಲು ಎರಡು ಟ್ಯಾಂಕು, ಆಡಲು ಇಬ್ಬರು. ಮಧ್ಯಾಹ್ನ ಆಟ ಶುರುವಾಗುವ ರಾಗ ಗೋಡೆಯಾಚೆ ಕೇಳಿಸಿದರೆ ಸಾಕು, ಭೂತಮ್ಮ ತಾನಾಗಿಯೇ ಬಂದು ಚಾಪೆಯ ಮೇಲೆ ಕೂತು ಇನ್ನೊಂದು ರಿಮೋಟು ಎತ್ತಿಕೊಳ್ಳುತ್ತಿದ್ದಳು. ಯಾರೂ ಯಾರನ್ನೂ ಕರೆಯಬೇಕಿರಲಿಲ್ಲ, ಹಾಗಾಗಿ ಯಾರೂ ಸೋತಂತೆಯೂ ಆಗಲಿಲ್ಲ. ಬೈಯುವುದಿದ್ದರೆ ಟ್ಯಾಂಕನ್ನು ಬೈಯುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ಕ್ಯಾಸೆಟ್ಟು ಹಾಕಿದರೆ ಟಿವಿಯ ಚಿತ್ರ ನಡುಗತೊಡಗಿತು. ತೆಂಗಿನ ಸೀಮೆಯಲ್ಲಿ ಬಾಗಿಲು ಕಿರುಗುಟ್ಟಿದರೂ, ಕಾಲು ಉಳುಕಿದರೂ, ಮಗು ರಚ್ಚೆ ಹಿಡಿದರೂ ಔಷಧಿ ಒಂದೇ. ಚಿಕ್ಕಗೌರಮ್ಮ ಕ್ಯಾಸೆಟ್ಟಿನ ಬಾಯಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟಳು. ಆಮೇಲೆ ಅದು ಉಸಿರೆತ್ತಲಿಲ್ಲ.

ರಾಗವಿಲ್ಲದ ಮೇಲೆ ಭೂತಮ್ಮ ಬರುವುದಾದರೂ ಹೇಗೆ? ಬಾ ಅನ್ನಲು ಇವಳ ನಾಲಿಗೆ ಏಳಲಿಲ್ಲ. ಅವಳಿಲ್ಲದೆ ಚಿಕ್ಕಗೌರಮ್ಮನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು, ಆದರೆ ಹುಡುಕಲು ಹೊರಟದ್ದು ಕ್ಯಾಸೆಟ್ಟನ್ನು.

ತಿಪಟೂರಿನ ಟಿವಿ ಅಂಗಡಿಯ ಶ್ರೀರಂಗಯ್ಯ ತಲೆಯಾಡಿಸಿದ. "ಇದು ಬರೋದು ನಿಂತೋಯ್ತು ಕಣಮ್ಮ. ಈಗೇನಿದ್ರೂ ಎಲ್ಲಾ ಕಂಪ್ಯೂಟರ್ನಾಗೆ."

ತುರುವೇಕೆರೆಯ ಅಂಗಡಿಯವನೊಬ್ಬ ಹಳೆಯ ಕ್ಯಾಸೆಟ್ಟುಗಳ ರಟ್ಟಿನ ಡಬ್ಬಿಯನ್ನೇ ಮುಂದಿಟ್ಟ. ಮೇಲಿನ ಚಿತ್ರಗಳೆಲ್ಲ ಅಳಿಸಿಹೋಗಿದ್ದವು. ಇವಳು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಗಡಗಡ ಅಂದದ್ದನ್ನೇ ಆರಿಸಿದಳು.

"ಅಲ್ಲಾಡೋದು ಕೆಟ್ಟಿರ್ತೈತೆ ಕಣಮ್ಮ, ಅದೇನು ಕೊಬ್ಬರಿನಾ?" ಅಂದ ಅವನು.

ಅವಳು ಕೇಳುವ ಪೈಕಿಯೇ? ಮನೆಗೆ ತಂದು ಹಾಕಿದರೆ ಟಿವಿ ತುಂಬ ಬರೀ ಗೆರೆ. ಅವತ್ತು ಊಟವೂ ಸೇರಲಿಲ್ಲ.

ಕೊನೆಗೆ ಕೈಹಿಡಿದವಳು ತಿಪಟೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಪದ್ಮಶ್ರೀ. ಚಿಕ್ಕಗೌರಮ್ಮ ಹಕ್ಕಿ, ಗೋಡೆ, ಟ್ಯಾಂಕು ಎಂದು ಕೈಯಾಡಿಸಿ ವಿವರಿಸಿದ್ದನ್ನು ನಗದೆ ಕೇಳಿಕೊಂಡು, ಎರಡೇ ವಾರದಲ್ಲಿ ಎಲ್ಲಿಂದಲೋ ಆ ಆಟವನ್ನು ತರಿಸಿ ಕಂಪ್ಯೂಟರಿಗೆ ಹಾಕಿದಳು. ಅದೇ ಹಕ್ಕಿ, ಅದೇ ರಾಗ. ಚಿಕ್ಕಗೌರಮ್ಮನ ಕಣ್ಣು ತುಂಬಿ ಬಂತು.

"ಇದ್ನ ಕ್ಯಾಸೆಟ್ ಮಾಡ್ಕೊಡವ್ವ, ಮನೆಗೆ ತಗಂಡೋಯ್ತೀನಿ."

"ಹಂಗೆ ಬರಲ್ಲ ಅಜ್ಜಿ, ಕಂಪ್ಯೂಟರ್ನಲ್ಲೇ ಆಡ್ಬೇಕು. ಶನಿವಾರ ಮಧ್ಯಾಹ್ನ ಕ್ಲಾಸಿರಲ್ಲ, ಇಲ್ಲೇ ಬಂದು ಆಡಿ. ಜೊತೆಗೆ ಯಾರಾದ್ರೂ ಇದಾರಾ?"

ಚಿಕ್ಕಗೌರಮ್ಮ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅದೇ ಯೋಚನೆ. ತಿಪಟೂರಿನಲ್ಲಿ ರಾಗ ಹಾಕಿದರೆ ಅರಳಗುಪ್ಪೆಯ ಗೋಡೆಯಾಚೆ ಕೇಳಿಸುವುದಿಲ್ಲ.

ಬಸ್ಸಿಳಿದವಳು ತನ್ನ ಬಾಗಿಲಿಗೆ ಹೋಗದೆ ಪಕ್ಕದ ಬಾಗಿಲಿಗೆ ಹೋದಳು. ಭೂತಮ್ಮ ರಾಗಿ ಕೇರುತ್ತಿದ್ದಳು. ಇವಳನ್ನು ನೋಡಿ ಮೊರ ಹಿಡಿದಂತೆಯೇ ಕೂತಳು.

"ಹಕ್ಕಿ ಸಿಕ್ತು ಕಣೇ," ಅಂದಳು ಚಿಕ್ಕಗೌರಮ್ಮ. "ತಿಪಟೂರ್ನಾಗೈತೆ. ಶನಿವಾರ ನನ್ ಜೊತೆ ಬತ್ತೀಯಾ?"

ಭೂತಮ್ಮ ಮೊರ ಕೆಳಗಿಟ್ಟಳು.

"ನಾಲ್ಕು ತಿಂಗ್ಳಿಂದ ಗೋಡೆಗೆ ಕಿವಿ ಕೊಟ್ಕಂಡು ಕುಂತಿದ್ದೆ ಅಕ್ಕ," ಅಂದಳು. "ಎಷ್ಟೊತ್ತಿಗೆ ಬಸ್ಸು?"