ಮೈ ಸಡಿಲ ಬಿಡದ ವೆಂಕಪ್ಪ

ಕೊಲ್ಲಮೊಗ್ರಿನ ವೆಂಕಪ್ಪನನ್ನು ಹಗಲಿನಲ್ಲಿ ಕಂಡರೆ ಇವನಾ ಆ ಕಾಡುಕೋಣ ಎಂದು ನೀವು ನಕ್ಕುಬಿಡುತ್ತೀರಿ. ಒಂದಿಷ್ಟು ಅಡಿಕೆ ತೋಟ, ಹಟ್ಟಿಯಲ್ಲಿ ಒಂದು ದನ. ಮಾತು ಕಡಿಮೆ, ಅನುಮಾನ ಮಾತ್ರ ಹೊಟ್ಟೆ ತುಂಬ. ಮೀನು ಕೊಳ್ಳುವಾಗಲೂ ಮೀನನ್ನು ಮೂಸಿ, ಆಮೇಲೆ ಮಾರುವವನ ಮುಖ ನೋಡುವ ಜನ. ಅಂಥವನು ಕರಿ ಮುಖವಾಡ ಹಾಕಿ ಸರ್ವೋತ್ತಮನ ಕುಸ್ತಿ ತಂಡದಲ್ಲಿ ವರ್ಷಗಟ್ಟಲೆ ಖಳನಾಗಿದ್ದ. ಮೈಕ್ ಹಿಡಿದು "ಬಂದ, ಬಂದ, ಕಾಡುಕೋಣ ಬಂದ!" ಎಂದು ಅರಚುತ್ತಿದ್ದವನು ನಾನು.

ಯುವಕ ಮಂಡಲಗಳ ವಾರ್ಷಿಕೋತ್ಸವದಲ್ಲಿ ರಿಂಗು ಕಟ್ಟಿ ಆಡುವ, ಟಿವಿಯಲ್ಲಿ ಬರುವಂಥ ಕುಸ್ತಿ ನಮ್ಮದು. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ. ಹಾಗೆಂದು ಸುಳ್ಳು ಕುಸ್ತಿ ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಎದುರಾಳಿ ನಿಮ್ಮನ್ನು ತಲೆಯ ಮೇಲೆ ಎತ್ತಿದಾಗ ಮೈ ಸಡಿಲ ಬಿಡಬೇಕು, ಗಲ್ಲ ಎದೆಗೆ ಒತ್ತಬೇಕು. ನಿಮ್ಮ ಕುತ್ತಿಗೆ ಆಗ ಅವನ ಕೈಯಲ್ಲಿ. ಮೈ ಬಿಗಿದಿರೋ, ಇಬ್ಬರಿಗೂ ಪೆಟ್ಟು. ಇದರಲ್ಲಿ ಸುಳ್ಳು ಎಲ್ಲಿ ಉಂಟು ಮಾರಾಯ್ರೆ? ವೆಂಕಪ್ಪನನ್ನು ಹಾಗೆ ಎತ್ತುತ್ತಿದ್ದವನು ಜಾಲ್ಸೂರಿನ ಸುಜಯ್, ಖಳನ ಎದುರು ಗೆಲ್ಲುವ ನಮ್ಮ ತಂಡದ ನಾಯಕ. ಲೋಕದಲ್ಲಿ ಯಾರನ್ನೂ ನಂಬದ ವೆಂಕಪ್ಪ ಅವನೊಬ್ಬನ ಕೈಯಲ್ಲಿ ಕಣ್ಣು ಮುಚ್ಚುತ್ತಿದ್ದ.

ಹೋದ ವರ್ಷ ತಂಡ ಒಡೆಯಿತು. ಯಕ್ಷಗಾನದ ಮೇಳ ಒಡೆದ ಹಾಗೆಯೇ. ಅರ್ಧ ಜನ ಹೋಗಿ ಪುತ್ತೂರಿನಲ್ಲಿ ಬೇರೆ ತಂಡ ಕಟ್ಟಿದರು. ಬೆಳಿಗ್ಗೆ ನಮ್ಮೊಟ್ಟಿಗೆ ಚಾ ಕುಡಿದವನ ಫೋಟೊ ಸಂಜೆ ಅವರ ಬ್ಯಾನರಿನಲ್ಲಿ. ಕಡಬದಲ್ಲಂತೂ ಸೋಲಬೇಕಾಗಿದ್ದವನೊಬ್ಬ ಮಾತು ಮುರಿದು, ನಮ್ಮವನ ಭುಜದ ಕೀಲು ನಿಜವಾಗಿಯೇ ತಪ್ಪಿಸಿ, ಮರುದಿನವೇ ಪುತ್ತೂರಿನವರನ್ನು ಸೇರಿಕೊಂಡ. ಥೂ, ಅವನ ಜನ್ಮಕ್ಕೆ! ಆಮೇಲೆ ಯಾರ ಮೊಬೈಲ್ ಬಡಿದುಕೊಂಡರೂ ಎಲ್ಲರ ಕಿವಿ ಅತ್ತಲೇ.

ಸುಳ್ಯದ ಪಂದ್ಯ ಹತ್ತಿರ ಬಂದಾಗ ತಂಡದ ಯಜಮಾನ ಸರ್ವೋತ್ತಮ ವೆಂಕಪ್ಪನ ಕಿವಿಯಲ್ಲಿ ಊದಿದ: "ನಿನ್ನ ಸುಜಯ್ ಬಸ್‌ಸ್ಟ್ಯಾಂಡಲ್ಲಿ ಪುತ್ತೂರಿನವರೊಟ್ಟಿಗೆ ಮಾತಾಡ್ತಾ ಇದ್ದನಂತೆ. ಜಾಗ್ರತೆ ಮಾರಾಯ."

"ಅವ ಅಂಥವ ಅಲ್ಲ" ಎಂದ ವೆಂಕಪ್ಪ. ಆದರೆ ಹುಳ ತಲೆಯೊಳಗೆ ಹೊಕ್ಕಾಗಿತ್ತು.

ಪಂದ್ಯದ ದಿನ ಮಧ್ಯಾಹ್ನ ಎದುರಾಳಿಗಳು ಒಟ್ಟಿಗೆ ಉಣ್ಣುವುದು ನಮ್ಮಲ್ಲಿ ಪದ್ಧತಿ. ಸುಜಯ್ ಪ್ರತಿ ಸಲವೂ ವೆಂಕಪ್ಪನ ಮನೆಯಲ್ಲೇ ಉಣ್ಣುತ್ತಿದ್ದ. ಅಂದು ಬಂದವನು ಅಂಗಳದಿಂದ ಮೇಲೆ ಹತ್ತಲಿಲ್ಲ. ವೆಂಕಪ್ಪನ ಹೆಂಡತಿ ಕಮಲಾವತಿ ಬೆಲ್ಲ, ನೀರು ತಂದಿಟ್ಟರೆ ಮುಟ್ಟಲಿಲ್ಲ.

"ಎಂತ, ಒಳಗೆ ಬರುದಿಲ್ವಾ?"

"ಇವತ್ತು ಬೇಡ ಕಮಲಕ್ಕ. ಅಣ್ಣನತ್ರ ಹೇಳಿ, ನಾನು ಮುಂದೆ ಹೋಗ್ತೇನೆ" ಎಂದು ಕಣ್ಣು ತಪ್ಪಿಸಿ ಬೈಕ್ ಹತ್ತಿದ.

ನಮ್ಮ ಕಡೆ ಹಗೆಯವನೂ ಕೊಟ್ಟ ಬೆಲ್ಲದಲ್ಲಿ ಒಂದು ಚೂರು ಬಾಯಿಗೆ ಹಾಕುತ್ತಾನೆ. ಒಳಗಿನಿಂದ ಎಲ್ಲ ನೋಡಿದ್ದ ವೆಂಕಪ್ಪ ವ್ಯಾನಿನಲ್ಲಿ ನನ್ನ ಪಕ್ಕ ಕುಳಿತು, "ಮನೆಯ ನೀರು ಬೇಡ ಅಂದವ ನನ್ನ ಕುತ್ತಿಗೆಯನ್ನು ಎಂತ ಮಾಡ್ಲಿಕ್ಕೂ ಹೇಸ್ಲಿಕ್ಕಿಲ್ಲ" ಎಂದ.

"ಅವನತ್ರವೇ ಕೇಳಿಬಿಡು ಮಾರಾಯ."

"ನೀನು ಕಳ್ಳನಾ ಅಂತ ಕೇಳಿದ್ರೆ ಕಳ್ಳ ಹೌದು ಅಂತಾನಾ?" ಎಂದು ನನ್ನ ಬಾಯಿ ಮುಚ್ಚಿಸಿದ.

ರಿಂಗಿನಲ್ಲಿ ಎಲ್ಲವೂ ಮಾತಾದ ಹಾಗೆಯೇ ನಡೆಯಿತು. ಕೊನೆಗೆ ಸುಜಯ್ ಅವನನ್ನು ಎತ್ತಿದ. ಜನ ಎದ್ದು ನಿಂತರು. ಸುಜಯನ ಕೈ ಸ್ವಲ್ಪ ನಡುಗಿದ್ದನ್ನು ನಾನೂ ಕಂಡೆ. ವೆಂಕಪ್ಪನಿಗೆ ಅಷ್ಟೇ ಸಾಕಾಯಿತು. ಮೈಯನ್ನು ಕಲ್ಲು ಮಾಡಿಕೊಂಡು ಹಗ್ಗಕ್ಕೆ ಕೈ ಹಾಕಿದ. ಇಬ್ಬರೂ ಅಡ್ಡಾದಿಡ್ಡಿ ಬಿದ್ದರು, ಸುಜಯನ ಮೊಣಕಾಲು ಅಡಿಗೆ ಸಿಕ್ಕಿ ತಿರುಚಿತು. ಅವನ ಕಿರುಚಾಟವೂ ಆಟವೇ ಎಂದುಕೊಂಡ ಜನ ಶಿಳ್ಳೆ ಹೊಡೆದರು. ನಾನು ಮೈಕ್ ಬಿಟ್ಟು ರಿಂಗಿನತ್ತ ಓಡಿದೆ.

ಬೆಳಗಾಗುವಾಗ ಆ ವಿಡಿಯೊ ಎಲ್ಲರ ಮೊಬೈಲಿನಲ್ಲಿ ಇತ್ತು. ಕಾಡುಕೋಣ ಪುತ್ತೂರಿನವರಿಗೆ ಮಾರಿಕೊಂಡ ಎಂಬ ಸುದ್ದಿ ಊರಿಡೀ ಹಬ್ಬಿತು. ಆ ತಂಡದವರೇ ಫೋನ್ ಮಾಡಿ, "ಒಳ್ಳೆ ಕೆಲಸ ಮಾಡಿದ್ರಿ, ನಮ್ಮಲ್ಲಿಗೆ ಬನ್ನಿ" ಎಂದು ಕರೆದರು. ವೆಂಕಪ್ಪ ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟ.

ಆಸ್ಪತ್ರೆಗೆ ನಾವಿಬ್ಬರೂ ಹೋದೆವು. ಸುಜಯನ ಹೆಂಡತಿ ಮೋಕ್ಷಿತಾ ನಮ್ಮನ್ನು ಕಂಡವಳೇ, "ಮನೆಯಲ್ಲಿ ಸೂತಕ, ಇಲ್ಲಿ ಇದು" ಎಂದು ಅತ್ತಳು. ಆಗಲೇ ನಮಗೆ ಗೊತ್ತಾದದ್ದು. ಪಂದ್ಯದ ಮುಂಚಿನ ದಿನ ಸುಜಯನ ದೊಡ್ಡಪ್ಪ ತೀರಿಹೋಗಿದ್ದರು. ಸಾವಿನ ಮನೆಯಲ್ಲಿ ಅವನು ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ, ಕೈ ನಡುಗಿದ್ದು ಅದಕ್ಕೆ. ಸೂತಕ ಎಂದು ತಿಳಿದರೆ ಸರ್ವೋತ್ತಮ ರಿಂಗು ಹತ್ತಲು ಬಿಡುವುದಿಲ್ಲ, ಪಂದ್ಯ ನಿಂತರೆ ತಂಡ ಮುಳುಗುತ್ತದೆ ಎಂದು ಬಾಯಿ ಬಿಟ್ಟಿರಲಿಲ್ಲ. ಆದರೆ ವೆಂಕಪ್ಪನ ಮನೆಯಲ್ಲಿ ಮರುದಿನ ದೈವಕ್ಕೆ ತಂಬಿಲದ ಪೂಜೆ ಇತ್ತು. ಮೈಗೆ ತಾಗಿದ ಮೈಲಿಗೆ ಮಿಂದರೆ ಹೋದೀತು, ಮನೆಗೆ ತಾಗಿದರೆ ತಂಬಿಲವೇ ನಿಂತೀತು ಎಂಬುದು ಅವನ ಲೆಕ್ಕ. ಬಸ್‌ಸ್ಟ್ಯಾಂಡಿನಲ್ಲಿ ಪುತ್ತೂರಿನವರು ಕರೆದದ್ದು ನಿಜ, ಇವನು ಬರುವುದಿಲ್ಲ ಎಂದದ್ದೂ ನಿಜ.

ಸುಜಯ್ ತಲೆ ಎತ್ತಿದ. "ಅಣ್ಣ, ಪುತ್ತೂರಿನವ್ರು ಹೇಳಿ ಮಾಡಿಸಿದ್ದಾ?"

"ದೈವದಾಣೆಗೂ ಇಲ್ಲ!" ವೆಂಕಪ್ಪನ ಸ್ವರ ಒಡೆಯಿತು. "ನೀನು ನನ್ನ ಕುತ್ತಿಗೆ ಮುರಿತಿ ಅಂತ ಹೆದರಿದೆ ಮಾರಾಯ."

ಸುಜಯ್ ಮೊಣಕಾಲಿನ ಪಟ್ಟಿಯ ಮೇಲೆ ಕೈಯಾಡಿಸಿದ. "ಅವ್ರ ಮಾತಿಗೆ ಮಾಡಿದ್ದಾದ್ರೆ ಹೊಟ್ಟೆಪಾಡು, ಹೋಗ್ಲಿ ಅಂತಿದ್ದೆ. ನನ್ನ ಮೇಲೆ ಸಂಶಯವಾ ಅಣ್ಣ?" ಎಂದವನು ಗೋಡೆಯ ಕಡೆಗೆ ಮುಖ ತಿರುಗಿಸಿದ.

ವೆಂಕಪ್ಪ ಮತ್ತೆ ರಿಂಗು ಹತ್ತಲಿಲ್ಲ. ಈಗಲೂ ಯಾರಾದರೂ ಆ ದಿನದ ಮಾತು ತೆಗೆದರೆ, "ಹೌದು, ಪುತ್ತೂರಿನವರ ಮಾತು ಕೇಳಿ ಮಾಡಿದ್ದು" ಎನ್ನುತ್ತಾನೆ.